ಮೂವತ್ತನಾಲ್ಕನೇ ಮಹಡಿಯ ಕೆಮ್ಮು

ನಿದ್ದೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿಲ್ಲ. ಇದು ಜಂಬವಲ್ಲ, ಕಸುಬು. ನಾನು ಹಾಸಿಗೆ ಅಂಗಡಿಯ ಮಾರಾಟಗಾರ. ಗಿರಾಕಿ ಅನುಮಾನದಿಂದ ಹಾಸಿಗೆಯ ಮೂಲೆ ಅದುಮಿ ನೋಡುತ್ತಿದ್ದರೆ ನಾನು ಚಪ್ಪಲಿ ಬಿಟ್ಟು, ಅಂಗಾತ ಮಲಗಿ, ಕಣ್ಣು ಮುಚ್ಚಿ ತೋರಿಸುತ್ತೇನೆ. ಎಷ್ಟೋ ಸಲ ಕಣ್ಣು ಬಿಡುವಷ್ಟರಲ್ಲಿ ಗಿರಾಕಿ ಮನೆ ಸೇರಿರುತ್ತಾನೆ. ಮನೆಯಲ್ಲೂ ಅಷ್ಟೇ. ತಲೆ ದಿಂಬಿಗೆ ತಾಕಿತೋ, ಬೆಳಗಿನವರೆಗೆ ನಾನು ಕೊರಡು. ಗೊರಕೆಯಿಲ್ಲ, ಹೊರಳಾಟವಿಲ್ಲ.

ಇಂಥವನ ಹೆಂಡತಿಗೆ ನಿದ್ದೆ ಬರುತ್ತಿಲ್ಲವೆಂದರೆ ಅದು ನನ್ನ ಕಸುಬಿಗೇ ಅವಮಾನ!

ಕೆಲವು ತಿಂಗಳ ಹಿಂದೆ ನನ್ನ ಮಾವ, ಅಂದರೆ ಅವಳ ಅಪ್ಪ, ತೀರಿಕೊಂಡರು. ಬಹಳ ವರ್ಷಗಳಿಂದ ನಮ್ಮ ಜೊತೆಗೇ ಇದ್ದರು, ಪಕ್ಕದ ಕೋಣೆಯಲ್ಲಿ. ಅವರು ಹೋದ ದಿನದಿಂದ ಅವಳ ನಿದ್ದೆಯೂ ಹೋಯಿತು. ಕಣ್ಣ ಕೆಳಗೆ ಕಪ್ಪು, ಊಟ ಅರ್ಧ, ಮಾತು ಕಾಲು. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಿ ಆರಿ ತಳ ಹತ್ತುವವರೆಗೂ ಅದರ ಎದುರಿಗೇ ನಿಂತಿರುತ್ತಿದ್ದಳು. ನನಗೆ ಹೆದರಿಕೆಯಾಯಿತು. ನನಗೆ ಗೊತ್ತಿದ್ದ ಒಂದೇ ಮದ್ದು ಮಾಡಿದೆ, ಹಾಸಿಗೆ ಬದಲಾಯಿಸಿದೆ. ಸ್ಪ್ರಿಂಗಿನದು ತಂದೆ, ನಾರಿನದು ತಂದೆ, ಫೋಮಿನದು ತಂದೆ. ಪ್ರತಿಯೊಂದರ ಮೇಲೂ ನಾನು ಸೊಗಸಾಗಿ ನಿದ್ದೆ ಹೊಡೆದೆ. ಅವಳು ಪ್ರತಿಯೊಂದರ ಮೇಲೂ ಕಣ್ಣು ಬಿಟ್ಟುಕೊಂಡೇ ಬೆಳಗು ಮಾಡಿದಳು.

“ತೊಂದರೆ ಹಾಸಿಗೇದಲ್ಲ ರೀ,” ಎಂದಳು.

“ಮತ್ತೆ? ಈ ಬಸ್ಸುಗಳ ಗಲಾಟೆ ತಾನೆ?” ಎಂದೆ. ನಮ್ಮ ಕಿಟಕಿಯ ಕೆಳಗೇ ಬಸ್ ನಿಲ್ದಾಣ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಪರಿಹಾರ ಕಂಡುಹಿಡಿದಾಗಿತ್ತು: ಇವಳನ್ನು ಸದ್ದಿಲ್ಲದ ಜಾಗದಲ್ಲಿ ಮಲಗಿಸಬೇಕು. ಎದುರಿನವರ ಮಾತು ಮುಗಿಯುವ ಮೊದಲೇ ಪರಿಹಾರ ಒಪ್ಪಿಸುವುದು ನಮ್ಮಂಥ ಮಾರಾಟಗಾರರಿಗೆ ರಕ್ತದಲ್ಲೇ ಬಂದಿರುತ್ತದೆ.

ಅದೇ ವಾರ ನಮ್ಮ ಅಂಗಡಿಯ ಸಾಹುಕಾರರು ನನ್ನನ್ನು ಕರೆದರು. ಊರ ನಡುವಿನ ಆ ದೊಡ್ಡ ಗಾಜಿನ ಹೋಟೆಲಿನವರು ಎಲ್ಲ ಕೋಣೆಗಳಿಗೂ ಹೊಸ ಹಾಸಿಗೆ ಹಾಕಿಸುತ್ತಾರಂತೆ. ಮಾದರಿಗೆಂದು ನಮ್ಮದೊಂದನ್ನು ಮೂವತ್ತನಾಲ್ಕನೇ ಮಹಡಿಯ ಕೋಣೆಯಲ್ಲಿ ಹಾಕಿದ್ದಾರಂತೆ. ಮಾರುವವನೇ ಒಂದು ರಾತ್ರಿ ಮಲಗಿ ಏಳಲಿ, ಬೆಳಗ್ಗೆ ಅವನ ಮುಖ ನೋಡಿ ತೀರ್ಮಾನಿಸುತ್ತೇನೆ ಎಂದು ಅಲ್ಲಿನ ಮ್ಯಾನೇಜರ್ ಹೇಳಿದ್ದಾನಂತೆ.

“ಹೆಂಡತೀನೂ ಕರ್ಕೊಂಡು ಹೋಗಯ್ಯಾ,” ಎಂದರು ಸಾಹುಕಾರರು. “ಬೆಳಗ್ಗೆ ಮುಖ ಅರಳಿಸ್ಕೊಂಡು ನಿಂತ್ಕೋ, ಸಾಕು. ಕೆಲಸ ಕೆಡಿಸಿದ್ಯೋ, ಆ ಮುಖ ನನಗೆ ತೋರಿಸ್ಬೇಡ.”

ನಾನು ಎದೆಯುಬ್ಬಿಸಿ ಮನೆಗೆ ಬಂದು ಘೋಷಿಸಿದೆ: “ನಾಳೆ ನಿನ್ನನ್ನ ಮೋಡದ ಪಕ್ಕ ಮಲಗಿಸ್ತೀನಿ. ಒಂದು ಸೊಳ್ಳೆ ಸದ್ದೂ ಇರಲ್ಲ ಅಲ್ಲಿ. ನಿದ್ದೆ ಬರದಿದ್ರೆ ನಾನು ಹಾಸಿಗೆ ಮಾರೋದನ್ನೇ ಬಿಟ್ಟುಬಿಡ್ತೀನಿ.”

“ಬಿಟ್ಟು ಏನು ಮಾಡ್ತೀರಿ?” ಎಂದಳು ಅವಳು, ಬಟ್ಟೆ ಮಡಚುತ್ತಾ. ನಾನು ಚೀಲ ಹುಡುಕಲು ಹೋದೆ.

ಹೋಟೆಲು ಹೇಳಿದಂತೆಯೇ ಇತ್ತು. ಲಿಫ್ಟು ಹತ್ತಿದ್ದಷ್ಟೇ ಗೊತ್ತು, ಕಿವಿ ಗುಂಯ್ ಎನ್ನುವಷ್ಟರಲ್ಲಿ ನಾವು ಮೇಲಿದ್ದೆವು. ಗೋಡೆಯಷ್ಟಗಲದ ಗಾಜು, ತೆರೆಯಲು ಚಿಲಕವೇ ಇಲ್ಲ. ಕೆಳಗೆ ಇಡೀ ಊರು ಕೆಂಪು ದೀಪ ಹಚ್ಚಿಕೊಂಡು ತೆವಳುತ್ತಿತ್ತು. ಹಾರ್ನ್ ಹೊಡೆಯುತ್ತಿದ್ದಿರಬೇಕು, ಬೈದಾಡುತ್ತಿದ್ದಿರಬೇಕು, ನಮಗೆ ಏನೂ ಕೇಳಿಸಲಿಲ್ಲ. ರತ್ನಗಂಬಳಿಯ ಮೇಲೆ ನಮ್ಮ ಹೆಜ್ಜೆಯೇ ನಮಗೆ ಕೇಳಿಸಲಿಲ್ಲ. ನಾನು ಹಿಗ್ಗಿಹೋದೆ. ದಿಂಬು ಯಾವ ಥರದ್ದು ಬೇಕೆಂದು ಫೋನಿನಲ್ಲಿ ಕೇಳಿದರು. ಎಲ್ಲ ಥರದ್ದೂ ಒಂದೊಂದು ಕಳಿಸಿ ಎಂದೆ. ದಿಂಬುಗಳೆಲ್ಲ ಬಂದು ಆಸೀನವಾದ ಮೇಲೆ ಹಾಸಿಗೆಯಲ್ಲಿ ನಮ್ಮಿಬ್ಬರಿಗೆ ಅಂಚು ಮಾತ್ರ ಉಳಿಯಿತು. ತಂಪಿದ್ದರೆ ನಿದ್ದೆ ಚೆನ್ನ ಎಂದು ದಿನಾ ಗಿರಾಕಿಗಳಿಗೆ ಹೇಳುವವನಲ್ಲವೇ ನಾನು? ಗೋಡೆಯ ಮೇಲಿನ ಗುಂಡಿ ಒತ್ತಿ ಒತ್ತಿ ಏಸಿಯನ್ನು ಕನಿಷ್ಠಕ್ಕೆ ಇಳಿಸಿದೆ. ಆಮೇಲೆ ಏನಾಯಿತೋ ಗೊತ್ತಿಲ್ಲ. ಕೊರಡಿಗೆ ಏನು ಗೊತ್ತಾಗುತ್ತದೆ?

ಬೆಳಗ್ಗೆ ಎದ್ದಾಗ ಅವಳು ಗಾಜಿನ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದಳು. ಮುಖ ಬಿಳಿಚಿಕೊಂಡಿತ್ತು.

“ರಾತ್ರಿಯೆಲ್ಲ ಇಲ್ಲೇ ಕೂತಿದ್ಯಾ?”

“ಏನೂ ಕೇಳಿಸಲ್ಲ ರೀ ಇಲ್ಲಿ. ಬಾವಿಯೊಳಗೆ ಇಟ್ಟು ಮುಚ್ಚಳ ಹಾಕಿದ ಹಾಗಿದೆ. ಮನೇಲಿ ಬಸ್ಸಾದ್ರೂ ಓಡಾಡ್ತಿತ್ತು.”

ನನ್ನ ಮೂವತ್ತನಾಲ್ಕು ಮಹಡಿಗಳೂ ಒಟ್ಟಿಗೆ ಕುಸಿದವು. ಏನಾದರೂ ಹೇಳೋಣವೆಂದು ಬಾಯಿ ತೆರೆದರೆ ಮಾತಿನ ಬದಲು ಕೆಮ್ಮು ಬಂತು. ರಾತ್ರಿಯ ಏಸಿ ಗಂಟಲಲ್ಲಿ ಕುಳಿತಿತ್ತು. ತಿಂಡಿ ತಿಂದು ಬಂದ ಮೇಲೂ ಬಿಡಲಿಲ್ಲ. ಅವಳು ಸ್ವಲ್ಪ ಒರಗಿಕೊಳ್ಳುತ್ತೇನೆ ಎಂದು ದಿಂಬಿನ ರಾಶಿಗೆ ಬೆನ್ನು ಕೊಟ್ಟಳು. ನಾನು ಖೊಕ್ ಖೊಕ್ ಎನ್ನುತ್ತಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ. ತಿರುಗಿ ನೋಡಿದರೆ ಅವಳು ಮಲಗಿಬಿಟ್ಟಿದ್ದಾಳೆ. ಬಾಯಿ ಅರ್ಧ ತೆರೆದಿದೆ, ಹುಬ್ಬಿನ ನಡುವಿನ ಗಂಟು ಬಿಚ್ಚಿದೆ. ಆ ಗಂಟಿಲ್ಲದ ಮುಖ ನೋಡಿ ಎಷ್ಟು ಕಾಲವಾಗಿತ್ತು! ಎಚ್ಚರವಾದೀತೆಂದು ನಾನು ಕೈಯಿಂದ ಬಾಯಿ ಮುಚ್ಚಿ ಕೆಮ್ಮು ನುಂಗಿದೆ. ಕೋಣೆ ನಿಶ್ಶಬ್ದವಾಯಿತು. ಕೂಡಲೇ ಅವಳ ಹುಬ್ಬು ಗಂಟಿಕ್ಕಿತು, ಕೈ ಹೊದಿಕೆಯ ಮೇಲೆ ಏನನ್ನೋ ತಡಕಿತು. ನುಂಗಿದ ಕೆಮ್ಮು ತಡೆಯಲಾಗದೆ ಹೊರಬಿತ್ತು. ಗಂಟು ಮತ್ತೆ ಬಿಚ್ಚಿಕೊಂಡಿತು.

“ಬಿಸಿನೀರು ಕುಡೀರಿ ಅಪ್ಪಾ,” ಎಂದು ನಿದ್ದೆಯಲ್ಲೇ ಗೊಣಗಿ ಮಗ್ಗುಲಾದಳು.

ನಾನು ಚೀಲದ ಪಕ್ಕದಲ್ಲೇ ಕುಳಿತುಬಿಟ್ಟೆ. ಮಾವನಿಗೆ ಹಳೆಯ ಕೆಮ್ಮು. ರಾತ್ರಿಯೆಲ್ಲ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದರಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ನಾನು ಒಂದು ದಿನವೂ ಕೇಳಿಸಿಕೊಂಡವನಲ್ಲ. ಅವಳು ಅದನ್ನೇ ಕೇಳುತ್ತಾ ಮಲಗುತ್ತಿದ್ದಳು. ನಾನೋ, ಸದ್ದಿಲ್ಲದ್ದಕ್ಕೆ ನಿದ್ದೆ ಕಳೆದುಕೊಂಡವಳನ್ನು ಊರಿನಲ್ಲೇ ಅತಿ ಸದ್ದಿಲ್ಲದ ಜಾಗಕ್ಕೆ ತಂದು ಮಲಗಿಸಿದ್ದೆ.

ಸರಿ, ಕೆಮ್ಮತೊಡಗಿದೆ. ಅಷ್ಟರಲ್ಲಿ ಕರೆಗಂಟೆ. ಬಾಗಿಲಲ್ಲಿ ಮ್ಯಾನೇಜರ್, ಇಸ್ತ್ರಿ ಮುರಿಯದ ಕೋಟು, ಮುಗುಳ್ನಗೆ.

“ಗುಡ್ ಮಾರ್ನಿಂಗ್ ಸರ್. ನಿದ್ದೆ ಹೇಗಿತ್ತು?” ಎಂದ.

“ಅಮೋಘ... ಖೊಕ್. ನಮ್ಮ ಹಾಸಿಗೆ ಮೇಲೆ... ಖೊಕ್ ಖೊಕ್... ಮಲಗಿದವನಿಗೆ...”

ಅವನು ಎರಡು ಹೆಜ್ಜೆ ಹಿಂದೆ ಸರಿದ. “ಹಾಸಿಗೆಯ ಧೂಳಾ ಸರ್?”

“ಅಯ್ಯೋ, ಧೂಳಲ್ಲ... ಖೊಕ್!”

“ಆಮೇಲೆ ಬರ್ತೀನಿ,” ಎಂದು ಟೈಯಿಂದ ಮೂಗು ಮುಚ್ಚಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಫೋನು ಗುರುಗುಟ್ಟಿತು. ಸಾಹುಕಾರರು.

“ಏನಯ್ಯಾ ಅದು? ನಮ್ಮ ಹಾಸಿಗೆ ಮೇಲೆ ಮಲಗಿ ಎದೆ ಕಟ್ತಂತೆ?”

“ಏಸಿಯಿಂದ ಸಾರ್, ಹಾಸಿಗೆಯಿಂದ ಅಲ್ಲ.”

“ಯಾವುದರಿಂದ ಆದ್ರೂ ಇರ್ಲಿ, ನಿಲ್ಲಿಸು. ಕೈಕಾಲು ಹಿಡಿದು ಅವನನ್ನ ಇನ್ನೊಂದ್ಸಲ ಕಳಿಸ್ತಿದ್ದೀನಿ. ಐದು ನಿಮಿಷ ಕೆಮ್ಮದೆ ನಿಂತ್ಕೋ. ನಿಂತ್ಕೊಳ್ಳೋಕೂ ಆಗಲ್ವಾ ನಿನ್ನ ಕೈಲಿ?”

ತಮಾಷೆಯೆಂದರೆ, ಆ ಹೊತ್ತಿಗೆ ಅಸಲಿ ಕೆಮ್ಮು ಮುಗಿದುಹೋಗಿತ್ತು. ಅವಳು ನಿದ್ದೆಯಲ್ಲಿ ಹೇಳಿದಳಲ್ಲ ಎಂದು ನಾನು ಬಿಸಿನೀರು ಕುಡಿದಿದ್ದೆ! ಈಗ ಬರುತ್ತಿದ್ದದ್ದೆಲ್ಲ ಕೈಯಾರೆ ತಯಾರಿಸಿದ ಮಾಲು. ಅಂದರೆ ನಿಲ್ಲಿಸುವುದು ಪೂರಾ ನನ್ನ ಕೈಯಲ್ಲೇ ಇತ್ತು.

ಮ್ಯಾನೇಜರ್ ಬಂದ. ಬಾಗಿಲಲ್ಲೇ ನಿಂತು ಕಿವಿಗೊಟ್ಟ. ನಾನು ಮುಖ ಅರಳಿಸಿ ನಿಂತೆ. ಸದ್ದಿಲ್ಲ. ಅವನ ಮುಖವೂ ಮೆಲ್ಲಗೆ ಅರಳಿತು, ಕೈ ಚಾಚಿದ. ಆರ್ಡರ್ ನನ್ನ ಅಂಗೈಯ ಹತ್ತಿರ ಬಂದಿತ್ತು. ನನ್ನ ಬೆನ್ನ ಹಿಂದೆ ಹೊದಿಕೆ ಸರಕ್ ಎಂದಿತು. ತಿರುಗಿ ನೋಡಿದೆ. ಅವಳ ಕೈ ಮತ್ತೆ ಏನನ್ನೋ ತಡಕುತ್ತಿತ್ತು. ರೆಪ್ಪೆ ಅದುರುತ್ತಿತ್ತು.

ನಾನು ಕೆಮ್ಮಿದೆ. ಹೊಟ್ಟೆಯ ತಳದಿಂದ ಎತ್ತಿ, ಬಗ್ಗಿ, ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದೆ. ತಲೆಯೆತ್ತುವಷ್ಟರಲ್ಲಿ ಮ್ಯಾನೇಜರ್ ಲಿಫ್ಟಿನ ಹತ್ತಿರ ತಲುಪಿದ್ದ.

“ಸರ್, ನೀವು ದಯವಿಟ್ಟು ಹೊರಗೆ ಬರ್ಬೇಡಿ,” ಎಂದು ಅಲ್ಲಿಂದಲೇ ಹೇಳಿದ. “ಸಂಜೆವರೆಗೂ ಅಲ್ಲೇ ಇರಿ. ಮಿಕ್ಕ ಅತಿಥಿಗಳು ನೋಡಿದ್ರೆ ನಮಗೆ ತೊಂದರೆ. ಹಾಸಿಗೆ ವಾಪಸ್ ಕಳಿಸ್ತೀವಿ.”

ಹೀಗೆ ಆರ್ಡರ್ ಹೋಯಿತು, ಸಂಜೆಯವರೆಗೆ ಕೋಣೆ ಉಳಿಯಿತು. ನಾನು ಗಾಜಿನ ಪಕ್ಕದ ಅದೇ ಕುರ್ಚಿಯಲ್ಲಿ ಕುಳಿತು, ಸದ್ದಿಲ್ಲದ ಊರನ್ನು ನೋಡುತ್ತಾ ಕೆಮ್ಮಿದೆ. ಹಿಂದೆಂದೂ ಅಷ್ಟು ಹೊತ್ತು ಎಚ್ಚರವಾಗಿ ಅವಳ ಪಕ್ಕ ಕುಳಿತದ್ದು ನನಗೆ ನೆನಪಿಲ್ಲ. ನಿದ್ದೆ ಮಾಡುವವರ ಪಕ್ಕ ಎಚ್ಚರವಿರುವುದು ಇಷ್ಟು ಒಂಟಿ ಕೆಲಸವೆಂದು ಯಾರೂ ನನಗೆ ಹೇಳಿರಲಿಲ್ಲ. ಅವಳು ಹೇಳಲು ಬಂದಾಗ ನಾನು ಫೋಮಿನ ಹಾಸಿಗೆ ತಂದಿದ್ದೆ.

ಬಿಸಿಲು ಇಳಿದ ಮೇಲೆ ಅವಳು ಎದ್ದಳು. ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು.

“ಒಳ್ಳೆ ಹಾಸಿಗೆ ರೀ,” ಎಂದಳು. ಜನ್ಮದಲ್ಲಿ ಮೊದಲ ಸಲ ಅವಳು ನನ್ನ ಮಾಲನ್ನು ಹೊಗಳಿದ್ದು. ಕೆಳಗಿಳಿದು ಬಂದಾಗ ಮ್ಯಾನೇಜರಿಗೂ ಹೇಳಿದಳು, “ಇಷ್ಟು ಚೆನ್ನಾಗಿ ಮಲಗಿ ಎಷ್ಟೋ ದಿನ ಆಗಿತ್ತು. ಎಲ್ಲ ಕೋಣೆಗೂ ಇದನ್ನೇ ಹಾಕ್ಸಿ.” ಅವನು ಕಂಬದ ಹಿಂದಿನಿಂದಲೇ ತಲೆಯಾಡಿಸಿದ.

ಬೀದಿಗೆ ಕಾಲಿಟ್ಟ ಕೂಡಲೇ ಬಸ್ಸು, ಹಾರ್ನು, ಬೈಗುಳ ಎಲ್ಲವೂ ಒಟ್ಟಿಗೆ ಕಿವಿಗೆ ಬಿದ್ದವು. ಅಭ್ಯಾಸಬಲದಿಂದ ನಾನು ಇನ್ನೊಂದು ಸಲ ಕೆಮ್ಮಿದೆ.

“ಸಾಕು ಬಿಡಿ,” ಎಂದಳು ಅವಳು. “ಅಪ್ಪ ಇಷ್ಟು ಕೆಟ್ಟದಾಗಿ ಕೆಮ್ತಿರಲಿಲ್ಲ.”

ನಾನು ನಿಂತುಬಿಟ್ಟೆ. “ಗೊತ್ತಿತ್ತಾ ನಿನಗೆ?”

“ಮೊದಮೊದಲು ಅಪ್ಪನೇ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು.”

“ಗೊತ್ತಾದ್ಮೇಲೆ ಏಳೋದಲ್ವಾ? ನನ್ನ ಗಂಟಲು ಹರಿದುಹೋಯ್ತಲ್ಲೇ!”

“ಏಳೋ ಮನಸ್ಸಾಗಲಿಲ್ಲ. ಅಪ್ಪ ಕೆಮ್ತಿದ್ರೆ, ನಾನಲ್ದೆ ಇನ್ನೊಬ್ಬರೂ ಎಚ್ಚರವಾಗಿದ್ದಾರೆ ಅನ್ನೋ ಧೈರ್ಯ ಇತ್ತು. ಆಮೇಲೆ ನೀವು ಕೆಮ್ಮಿದ್ರಿ. ಓ, ಇವತ್ತು ಇವರು ಎಚ್ಚರವಾಗಿದ್ದಾರೆ ಅಂತ ಅನ್ನಿಸ್ತು. ನಿದ್ದೆ ಬಂದ್ಬಿಡ್ತು.” ಸ್ವಲ್ಪ ದೂರ ನಡೆದು ಹೇಳಿದಳು, “ಕೊರಡಿನ ಪಕ್ಕ ಒಬ್ಬಳೇ ಎಷ್ಟು ದಿನ ಅಂತ ಎಚ್ಚರ ಇರ್ಲಿ ರೀ?”

ಈಗ ಅವಳಿಗೆ ನಿದ್ದೆ ಹತ್ತುವವರೆಗೆ ನಾನು ಮಲಗುವುದಿಲ್ಲ. ಕೆಲವು ದಿನ ಅದು ಬೇಗ ಹತ್ತುತ್ತದೆ, ಹಲವು ದಿನ ಹತ್ತುವುದೇ ಇಲ್ಲ. ಇಬ್ಬರೂ ಬಸ್ಸುಗಳನ್ನು ಕೇಳುತ್ತಾ ಮಾವನ ಬಗ್ಗೆ ಮಾತಾಡುತ್ತೇವೆ. ಹಾಗಾಗಿ ಹಗಲು ಅಂಗಡಿಯಲ್ಲಿ ನಿಂತಲ್ಲೇ ತೂಕಡಿಸತೊಡಗಿದೆ. ಸಾಹುಕಾರರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಮಾರಾಟದಿಂದ ಮಾತ್ರ ತೆಗೆದರು. ಬೀದಿಗೆ ಕಾಣುವಂತೆ ಗಾಜಿನ ಹಿಂದೆ ಒಂದು ಹಾಸಿಗೆ ಹಾಕಿ ನನ್ನನ್ನು ಅದರ ಮೇಲೆ ಮಲಗಿಸಿದ್ದಾರೆ. ನನ್ನ ನಿದ್ದೆ ನೋಡಿ ಜನ ಒಳಗೆ ಬರುತ್ತಾರೆ, ವ್ಯಾಪಾರ ನಾನು ಬಾಯಿ ಬಿಡುತ್ತಿದ್ದ ಕಾಲಕ್ಕಿಂತ ಚೆನ್ನಾಗಿದೆಯಂತೆ. ಷರತ್ತು ಒಂದೇ: ಕೆಮ್ಮಕೂಡದು.