ಮಾವನ ದುಪ್ಪಟಿ ಪರೀಕ್ಷೆ

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದಾಗ ಅರ್ಧ ಗಳಿಗೆಯಲ್ಲಿ ಒಪ್ಪಿ ಎದ್ದು ಬಂದವರು. ಹಾಸಿಗೆಗೊಂದು ದುಪ್ಪಟಿ ನೋಡಲು ಹೋದರೆ ಮಾತ್ರ ಅರ್ಧ ದಿನವೂ ಸಾಲದು! ಬೀದಿಯ ತಿರುವಿನಲ್ಲಿ ಅವರ ರುಮಾಲು ಕಂಡರೆ ಸಾಕು, ನಮ್ಮ ರೇಷ್ಮೆ ಊರು ವಿಜಯಪುರದ ಜವಳಿ ಅಂಗಡಿಯವರು ಊಟಕ್ಕೆ ಹೊರಟವರಂತೆ ಬಾಗಿಲು ಮುಂದೆ ಮಾಡುತ್ತಿದ್ದರಂತೆ. ‘ಅಂತೆ’ ಏಕೆ, ನಾನೇ ಕಂಡಿದ್ದೇನೆ.

ಪರೀಕ್ಷೆಗೊಂದು ಕ್ರಮವಿತ್ತು. ಮೊದಲು ಬಟ್ಟೆಯನ್ನು ಕೆನ್ನೆಗೊತ್ತಿ ಕಣ್ಣು ಮುಚ್ಚುವುದು. ಆಮೇಲೆ ಬಾಯಿಗೆ ಅಡ್ಡ ಹಿಡಿದು ಊದುವುದು. ಉಸಿರು ಆಚೆ ಹೋಗದ ಬಟ್ಟೆಯಲ್ಲಿ ಬೆವರು ಈಚೆಯೇ ಉಳಿಯುತ್ತದಂತೆ. ಕೊನೆಗೆ ಒಂದು ಮೂಲೆಯನ್ನು ನಾಲಗೆಗೆ ತಾಗಿಸಿ ಉಜ್ಜುವುದು. ಬೆರಳಿಗೆ ಅಂಟು ಬಂತೋ, ಅದು ಬಟ್ಟೆಯಲ್ಲ, ಬರೀ ಗಂಜಿ! ಈ ಮೂರನ್ನೂ ನಾನು ಜಗಲಿಯ ಮೇಲೆ ಅಭಿನಯಿಸಿದರೆ ಬೀದಿಯೇ ನಗುತ್ತಿತ್ತು. ನನಗೇನು? ಗೋಣಿಚೀಲದ ಮೇಲೂ ಗೊರಕೆ ಹೊಡೆಯುವ ಆಸಾಮಿ. ಬೆಳಿಗ್ಗೆ ನನ್ನ ಕೆನ್ನೆ ನೋಡಿದವರು, ಮಲಗಿದ್ದು ರಾಗಿ ಚೀಲವೋ ಹುರುಳಿ ಚೀಲವೋ ಎಂದು ಹೇಳಬಲ್ಲರು.

ರೇಷ್ಮೆ ಊರಿನವರು, ರೇಷ್ಮೆಯ ಮೇಲೇ ಮಲಗಬಹುದಲ್ಲ? ಆವತಿಯ ಬೀಗರು ಹಾಗೇ ಅಂದುಕೊಂಡು ಮರ್ಯಾದೆಗೆಂದು ಮಂಚಕ್ಕೆ ರೇಷ್ಮೆ ಹಾಸಿದರು. ಮಾವ ಮಧ್ಯಾಹ್ನ ಉಂಡು ಮಗ್ಗುಲಾದರು, ಜಾರಿದರು, ನೆಲಕ್ಕೆ ಬಂದರು. ಬೀಗರು ಓಡಿ ಬಂದರೆ ಬಿದ್ದಲ್ಲಿಂದಲೇ ಉಪದೇಶ: “ರೇಷ್ಮೆ ಮೆರವಣಿಗೆಗೆ ಕಣ್ರಪ್ಪಾ. ನಿದ್ದೆಗೆ ಹತ್ತಿ.”

ಹೀಗಿರುವಾಗ ಯುದ್ಧ ಬಂತು, ಬೆನ್ನಿಗೇ ಬಟ್ಟೆಯ ಕಂಟ್ರೋಲು ಬಂತು. ಮನೆಗೆ ಒಂದೇ ದುಪ್ಪಟಿ. ತಪ್ಪು ಆರಿಸಿದರೆ ಮುಂದಿನ ಸರದಿಯವರೆಗೆ ಅದರಲ್ಲೇ ಹೊರಳಬೇಕು. ಆ ಸರದಿ ಎಂದು ಬಂದೀತೋ ದೇವರೇ ಬಲ್ಲ. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅವರ ಜೊತೆ ನಾನೂ ಸಾಲಿನಲ್ಲಿ ನಿಂತೆ. ಅಭಿನಯಕ್ಕೆ ಹೊಸ ಸರಕು ಸಿಕ್ಕೀತೆಂಬ ದುರಾಸೆ!

ಸಿಕ್ಕಿತು. ಇದ್ದದ್ದು ಎರಡು ಬಗೆ. ಒಂದು ಹಾಲಿನಂತೆ ಬೆಳ್ಳಗಿನ, ದಪ್ಪನೆಯ ಮಿಲ್ಲಿನದು. ಇನ್ನೊಂದು ದೊಡ್ಡಬಳ್ಳಾಪುರದ ಮಗ್ಗದ್ದು. ತೆಳು, ಮಂಕು ಪಟ್ಟೆ, ನೋಡಿದರೆ ಆಗಲೇ ಯಾರೋ ಮಲಗಿ ಎದ್ದಂತೆ. ಮಾವ ಎರಡನ್ನೂ ಕೆನ್ನೆಗೊತ್ತಿದರು, ಊದಿದರು. ನಾಲಗೆ ಹೊರಬಂದದ್ದೇ ಅಂಗಡಿಯವನು ಕೈಮುಗಿದ.

“ಗೌಡ್ರೇ, ಅದು ಮಲಗೋ ಬಟ್ಟೆ. ನೈವೇದ್ಯ ಅಲ್ಲ.”

“ಎಂಜಲು ಮಾಡಿದ್ದನ್ನ ನಂಗೆ ಕೊಡ್ಬೇಡ ಕಣಪ್ಪಾ” ಎಂದ ಹಿಂದಿನವನು.

ಮಾವ ಕಿವುಡರಂತೆ ನಿಂತು, ಸೊಂಟದಿಂದ ಹುಣಸೆ ಮರದ ತೊಗಟೆಯ ಚೂರೊಂದನ್ನು ತೆಗೆದು ಬಟ್ಟೆಯ ಮೇಲೆ ಮೆಲ್ಲಗೆ ಎಳೆದರು. ನಾಲ್ಕನೆಯ ಪರೀಕ್ಷೆ! ಮಿಲ್ಲಿನದರಲ್ಲಿ ಒಂದೆಳೆ ಸಿಕ್ಕಿ ಮೇಲೆದ್ದಿತು. ಮಗ್ಗದ್ದರ ಮೇಲೆ ತೊಗಟೆ ಸಲೀಸಾಗಿ ಜಾರಿಹೋಯಿತು. ಸಾಲಿಗೆ ಸಾಲೇ ನಕ್ಕರೂ ಮಾವ ಮಗ್ಗದ್ದನ್ನೇ ಕಂಕುಳಿಗೆ ಸೇರಿಸಿದರು.

ಮಾರನೆಯ ದಿನ ಗಂಜಿಯೆಲ್ಲ ಹೋಗುವಂತೆ ಒಗೆದು ಒಣಗಿಸಿದ್ದಾಯಿತು. ಹಿತ್ತಲಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಅತ್ತೆ ಬಾಣಲೆಯ ಮುಂದಿನಿಂದ ಎದ್ದು ಒಳಗೆ ಬಂದರು. ಮಾವ ಕಿಟಕಿಯಲ್ಲಿಟ್ಟಿದ್ದ ತೊಗಟೆಯನ್ನು ನಾನು ಹಿಡಿದು, ಅವರ ಹಾಗೇ ಹುಬ್ಬು ಗಂಟಿಕ್ಕಿ, ಎಳೆದು ತೋರಿಸಿದೆ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನಗುತ್ತಲೇ ದುಪ್ಪಟಿ ಬಿಡಿಸಿ ಅಂಗೈಯಿಂದ ಸವರಿದರು.

ಆ ಅಂಗೈಯನ್ನು ನಾನು ನೋಡಿದ್ದು ಆಗಲೇ. ವರ್ಷಗಟ್ಟಲೆ ಬಿಸಿನೀರಿನಲ್ಲಿ ಬೆಂದು ಉದ್ದಕ್ಕೂ ಬಿರಿದಿತ್ತು. ಥೇಟು ನನ್ನ ಕೈಯಲ್ಲಿದ್ದ ತೊಗಟೆ. ಹಳೆಯ ದುಪ್ಪಟಿಯ ಎಳೆ ಆ ಬಿರುಕಿಗೆ ಸಿಕ್ಕಿ, ಮಗ್ಗುಲು ಬದಲಿಸಿದಾಗಲೆಲ್ಲ ಅತ್ತೆ ‘ಹಾ’ ಎಂದು ಏಳುತ್ತಿದ್ದರು. ಆ ‘ಹಾ’ ಎನ್ನುವುದನ್ನೂ ನಾನು ಜಗಲಿಯಲ್ಲಿ ಅಣಕಿಸಿದ್ದೆ.

ಬಾಗಿಲಲ್ಲಿ ಮಾವ ನಿಂತಿದ್ದರು. ಒಳಗೆ ಬರಲಿಲ್ಲ.

“ಸಿಕ್ಕೊಳ್ತದಾ?”

ಅತ್ತೆ ಇನ್ನೊಮ್ಮೆ, ಈ ತುದಿಯಿಂದ ಆ ತುದಿಗೆ ಸವರಿದರು. “ಇಲ್ಲ ಕಣ್ರೀ.”

ಮಾವ ರುಮಾಲು ಸರಿಪಡಿಸಿಕೊಂಡು ಹೊಲದ ಕಡೆ ಹೊರಟರು.

ಮೊದಲ ಮೂರು ಪರೀಕ್ಷೆಗಳನ್ನು ಕೇಳಿದವರಿಗೆ ಈಗಲೂ ಮಾಡಿ ತೋರಿಸುತ್ತೇನೆ. ನಾಲ್ಕನೆಯದು ನನಗೆ ಬರುವುದಿಲ್ಲ.