ಹಿಂದೆ ಕೂರುವವರ ಸ್ಪ್ರಿಂಗು

ಎರಡು ನಿಮಿಷದ ಕೆಲಸವೊಂದನ್ನು ನಾನು ಎರಡು ವರ್ಷ ಮಾಡದೆ ಇಟ್ಟುಕೊಂಡಿದ್ದೆ. ಮೋಟರ್ ಸೈಕಲ್ಲಿನ ಹಿಂದಿನ ಚಕ್ರದ ಎರಡೂ ಪಕ್ಕ ಸ್ಪ್ರಿಂಗು ಸುತ್ತಿದ ಶಾಕ್‌ಗಳಿರುತ್ತವಲ್ಲ, ಅವುಗಳ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ ಇರುತ್ತದೆ. ಕೊಕ್ಕೆಯಂಥ ಒಂದು ಸ್ಪ್ಯಾನರು ಹಾಕಿ ಆ ಕಡೆ ತಿರುಗಿಸಿದರೆ ಸ್ಪ್ರಿಂಗು ಬಿಗಿ, ಈ ಕಡೆ ತಿರುಗಿಸಿದರೆ ಸಡಿಲ. ಒಟ್ಟು ಐದು ಮೆಟ್ಟಿಲು. ಆ ಸ್ಪ್ಯಾನರು ಗಾಡಿಯ ಜೊತೆಗೇ ಬಂದಿತ್ತು, ಸೀಟಿನ ಕೆಳಗಿನ ಚೀಲದಲ್ಲಿ ಹೊಸದರ ಎಣ್ಣೆಜಿಡ್ಡು ಕೂಡ ಆರದಂತೆ ಭದ್ರವಾಗಿತ್ತು. ನಮ್ಮಕ್ಕ ಕೇಳಿದ್ದು ಇಷ್ಟೇ, ಸ್ವಲ್ಪ ಮೆತ್ತಗೆ ಮಾಡು ಅಂತ. ನಾನು ಮಾಡಲಿಲ್ಲ. ಮಾಡಬಾರದು ಎಂದೇನೂ ಇರಲಿಲ್ಲ. ನಾಳೆ ಮಾಡಿದರಾಯಿತು ಎಂದುಕೊಂಡೆ, ಆ ನಾಳೆಗಳೆಲ್ಲ ಸೇರಿ ಎರಡು ವರ್ಷವಾದವು.

ನಾನು ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು. ಈ ಬರವಣಿಗೆಯಲ್ಲಿ ಹೆಚ್ಚುಕಮ್ಮಿ ಇದ್ದರೆ ಅದು ಅಕ್ಕನ ತಪ್ಪಲ್ಲ. ಅ ಆ ಇ ಈ ತಿದ್ದಿಸಿದವಳು ಅವಳೇ, ಸರಿಯಾಗಿ ತಿದ್ದದವನು ನಾನು. ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿದೆ. ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಹುಳು ಸಾಕುವ ಮನೆಯಲ್ಲಿ ಹುಳುವೇ ಯಜಮಾನ. ನಮ್ಮ ಮಾವನೊಬ್ಬರು ಬೀಡಿ ಸೇದುತ್ತಿದ್ದರು, ಆ ವಾಸನೆ ಹುಳುವಿಗೆ ಆಗದು ಎಂದು ನಮ್ಮಪ್ಪ ಅವರನ್ನು ಜಗಲಿಯಲ್ಲೇ ಕೂರಿಸಿ ಊಟ ಹಾಕಿ ಕಳಿಸುತ್ತಿದ್ದ. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಅವು ಸೊಪ್ಪು ಮೇಯುವ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತದೆ. ಆ ಒಂದು ವಾರ ನಾನು ತೋಟಕ್ಕೂ ಮನೆಗೂ ಗಾಡಿಯ ಮೇಲೆ ಸೊಪ್ಪಿನ ಹೊರೆ ಸಾಗಿಸುತ್ತಲೇ ಇರಬೇಕು. ಹೊರೆ ಎಷ್ಟು ದೊಡ್ಡದೆಂದರೆ ದೂರದಿಂದ ನೋಡಿದವರಿಗೆ ಪೊದೆಯೊಂದು ತಾನಾಗಿ ಬರುತ್ತಿರುವಂತೆ ಕಾಣುತ್ತದಂತೆ.

ಎರಡು ವರ್ಷದ ಹಿಂದೆ ಹಳೇ ಸ್ಪ್ರಿಂಗು ಸೋತು, ಹೊರೆ ಹಾಕಿದರೆ ಮಡ್‌ಗಾರ್ಡು ಚಕ್ರಕ್ಕೆ ಉಜ್ಜತೊಡಗಿತು. ಶಿಡ್ಲಘಟ್ಟದಲ್ಲಿ ಗ್ಯಾರೇಜು ಇಟ್ಟಿರುವ ಬಾಷಾ ಎರಡು ಜೊತೆ ತಂದು ಮುಂದಿಟ್ಟ. ಒಂದು ಗಾಡಿಗೆ ಮೊದಲಿದ್ದಂಥದ್ದೇ. ಇನ್ನೊಂದರ ತಂತಿ ನನ್ನ ಕಿರುಬೆರಳಿಗಿಂತ ದಪ್ಪ.

“ಹಿಂದೆ ಯಾರು ಕೂರ್ತಾರೆ ಮುನಿರಾಜಣ್ಣ?” ಅಂದ.

“ಸೊಪ್ಪು,” ಅಂದೆ.

ಅವನು ನಕ್ಕು ದಪ್ಪದ್ದನ್ನೇ ಹಾಕಿ, ಬಳೆಯನ್ನು ಐದನೇ ಮೆಟ್ಟಿಲಿಗೆ ಏರಿಸಿ ಕಳಿಸಿದ. ಸ್ಪ್ರಿಂಗು ಚೆನ್ನಾಗಿದೆಯಾ ಎಂದು ನೋಡುವ ನನ್ನ ವಿಧಾನ ಒಂದೇ, ಸೀಟಿನ ಮೇಲೆ ಅಂಗೈ ಊರಿ ಒತ್ತುವುದು. ಒತ್ತಿದೆ. ಅಲ್ಲಾಡಲಿಲ್ಲ. ಗಟ್ಟಿ ಮಾಲು ಎಂದುಕೊಂಡು ಖುಷಿಯಾಗಿ ಮನೆಗೆ ಬಂದೆ.

ಆದರೆ ದಿನಾ ಬೆಳಿಗ್ಗೆ ಅದೇ ಸೀಟಿನ ಮೇಲೆ ಇನ್ನೊಬ್ಬರು ಕೂರುತ್ತಿದ್ದರು. ನಮ್ಮಕ್ಕ ರತ್ನಮ್ಮ. ನಮ್ಮೂರಲ್ಲೇ ಎರಡು ಬೀದಿ ಆಚೆ ಅವಳ ಮನೆ. ಶಿಡ್ಲಘಟ್ಟದ ಒಂದು ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ನನಗಿಂತ ಎಂಟು ವರ್ಷ ದೊಡ್ಡವಳು, ತೂಕದಲ್ಲಿ ನನ್ನ ಅರ್ಧ. ಸೊಪ್ಪಿನ ಹೊರೆಗೆ ಬಿಗಿದ ಸ್ಪ್ರಿಂಗಿಗೆ ಅವಳು ಕೂತಿದ್ದೇ ತಿಳಿಯುತ್ತಿರಲಿಲ್ಲ. ರಸ್ತೆಯಲ್ಲಿ ಹಂಪು ಬಂದರೆ ಚಕ್ರದ ಏಟು ನೇರವಾಗಿ ಅವಳ ಸೊಂಟಕ್ಕೆ.

“ಮುನಿ, ಸ್ವಲ್ಪ ಮೆತ್ತಗೆ ಮಾಡೋ. ಒಳಗಿರೋದೆಲ್ಲ ಅಲ್ಲಾಡುತ್ತೆ.”

“ಈ ಬೆಳೆ ಮುಗೀಲಿ ಅಕ್ಕ.”

ಬೆಳೆ ಮುಗಿಯುತ್ತಿತ್ತು. ಗೂಡು ಮಾರ್ಕೆಟ್ಟಿಗೆ ಹೋಗುತ್ತಿತ್ತು. ಆದರೆ ಈಗ ಸಡಿಲ ಮಾಡಿದರೆ ಮುಂದಿನ ಬೆಳೆಗೆ ಮತ್ತೆ ಬಿಗಿ ಮಾಡಬೇಕಲ್ಲ. ಎರಡು ಸಲ ಎರಡೆರಡು ನಿಮಿಷ. ಆ ನಾಲ್ಕು ನಿಮಿಷ ಉಳಿಸಿ ನಾನು ಟೀ ಅಂಗಡಿಯಲ್ಲಿ ಒಂದೊಂದು ಗಂಟೆ ಕೂರುತ್ತಿದ್ದೆ. ಅಕ್ಕ ಕೊನೆಗೆ ಕೇಳುವುದು ಬಿಟ್ಟಳು. ಹಳೇ ದುಪ್ಪಟಿಯೊಂದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿ ತರುವಳು, ಸೀಟಿನ ಮೇಲೆ ಹಾಸಿ ಕೂರುವಳು. ಸೊಪ್ಪಿನ ಕರೆ ಸೀರೆಗೆ ಹತ್ತದಿರಲಿ ಎಂದು ಹಾಸುತ್ತಾಳೆ ಅಂತ ನನ್ನ ಲೆಕ್ಕ.

“ಮಹಾರಾಣಿಯೋರ ಸಿಂಹಾಸನ ರೆಡಿಯಾಯ್ತಾ?” ಎಂದು ಟೀ ಅಂಗಡಿಯವರಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದೆ. ಅವರು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಅದಕ್ಕೇ ನನಗೆ ತಿಳಿಯಲಿಲ್ಲ ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು. ನಗುವಾಗ ಅವಳು ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡಿರುತ್ತಿದ್ದಳು. ಅದನ್ನು ನಾನು ನೋಡಿದ್ದೆ.

ಈಚೆಗೆ ಒಂದು ದಿನ ಅವಳು, “ನಾಳೆಯಿಂದ ಬಸ್ಸಲ್ಲಿ ಹೋಗ್ತೀನಪ್ಪ, ಕಿಟಕಿ ಪಕ್ಕ ಸೀಟು ಸಿಗುತ್ತೆ,” ಅಂದಳು. ನನಗೆ ಹಗುರಾಯಿತು, ಬೆಳಿಗ್ಗೆ ಒಂದು ಓಡಾಟ ಉಳಿಯಿತಲ್ಲ. ಒಂದು ತಿಂಗಳಾದ ಮೇಲೆ ನನ್ನ ಹೆಂಡತಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದಳು, “ರತ್ನಕ್ಕಂಗೆ ಡಾಕ್ಟ್ರು ಗಾಡಿ ಹತ್ತಲೇಬೇಡಿ ಅಂದವ್ರಂತೆ. ಬಸ್ಸಿಗೆ ಮೇನ್ ರೋಡ್‌ವರೆಗೂ ನಡ್ಕೊಂಡೇ ಹೋಗ್ತಾರೆ. ನಿಮಗೆ ಹೇಳ್ಬೇಡ ಅಂದವ್ರೆ. ನೀವು ಬೇಜಾರು ಮಾಡ್ಕೋತೀರಂತೆ.”

ನಾನು ಸೊಪ್ಪು ಕತ್ತರಿಸುವುದು ನಿಲ್ಲಿಸಿದೆ. ಅಮ್ಮ ಹುಳುವಿನ ಮನೆಯಲ್ಲಿದ್ದಾಗ ನನ್ನನ್ನು ದಿನವೆಲ್ಲ ಎತ್ತಿಕೊಂಡು ತಿರುಗಿದ ಸೊಂಟ ಅದು. ಮೂರು ವರ್ಷ ತುಂಬುವವರೆಗೂ ನಾನು ಕೆಳಗಿಳಿಯಲು ಒಪ್ಪುತ್ತಿರಲಿಲ್ಲವಂತೆ.

ಮರುದಿನವೇ ಬಾಷಾನ ಹತ್ತಿರ ಹೋದೆ. ಸಮಾಚಾರ ಕೇಳಿ ಅವನು ಬೈಯಲಿಲ್ಲ. “ಈ ಗಾಡಿಲಿ ನೀವು ಯಾವತ್ತಾದ್ರೂ ಹಿಂದೆ ಕೂತಿದ್ದೀರಾ?” ಅಂದ. ನನ್ನ ಗಾಡಿಯಲ್ಲಿ ನಾನು ಯಾಕೆ ಹಿಂದೆ ಕೂರಲಿ? ಅವನು ಹ್ಯಾಂಡಲ್ ಹಿಡಿದು ನನ್ನನ್ನು ಹಿಂದೆ ಕೂರಿಸಿಕೊಂಡು ಕೆರೆ ಕಟ್ಟೆಯವರೆಗೆ ಓಡಿಸಿದ. ಮೂರೇ ಹಂಪು. ಮೊದಲನೆಯದಕ್ಕೆ ನಾಲಿಗೆ ಕಚ್ಚಿಕೊಂಡೆ. ಎರಡನೆಯದಕ್ಕೆ ಅವನ ಭುಜ ಹಿಡಿದುಕೊಂಡೆ. ಮೂರನೆಯದು ಕಂಡಾಗಲೇ, “ಇಳಿಸು ಮಾರಾಯ, ನಡ್ಕೊಂಡು ಬರ್ತೀನಿ,” ಅಂದೆ.

“ಕೂತಿರಿ. ನಿಮ್ಮ ಭಾರಕ್ಕೆ ಅಷ್ಟೋ ಇಷ್ಟೋ ತಗ್ಗುತ್ತೆ. ಅಕ್ಕೋರಿಗೆ ಅದೂ ಇಲ್ಲ,” ಅಂದ.

ಬಳೆ ಇಳಿಸಿದರೆ ಸಾಲದು, ತಂತಿಯೇ ದಪ್ಪ, ಬದಲಾಯಿಸಲೇಬೇಕು ಎಂದ. ನಡುತರದ ಒಂದು ಜೊತೆ ಆರಿಸಿ ಹಾಕಿದ. ಕೂರುವವರು ಕೂತಾಗ ಸೀಟು ಎರಡು ಬೆರಳು ತಗ್ಗಬೇಕಂತೆ. ತಗ್ಗದೇ ಇದ್ದರೆ ಒದೆಯುತ್ತದೆ, ಜಾಸ್ತಿ ತಗ್ಗಿದರೆ ತಳ ಹೊಡೆಯುತ್ತದೆ. “ಅಕ್ಕೋರನ್ನ ಕರ್ಕೊಂಡು ಬನ್ನಿ,” ಅಂದ.

ಇಲ್ಲಿ ನನ್ನ ಬುದ್ಧಿ ಓಡಿತು. ಅಕ್ಕನನ್ನು ಕರೆಯಬೇಕಾದರೆ ಯಾಕೆ ಎಂದು ಹೇಳಬೇಕು, ಹೇಳಬೇಕಾದರೆ ತಪ್ಪು ಒಪ್ಪಿಕೊಳ್ಳಬೇಕು. ಮಾರನೇ ದಿನ ಅವಳಷ್ಟೇ ಇರಬಹುದು ಎಂದು ಅಂದಾಜು ಮಾಡಿ ಒಂದು ರಾಗಿ ಮೂಟೆ ತೂಗಿ ಕಟ್ಟಿಕೊಂಡು ಹೋದೆ. ಬಾಷಾ ಅದನ್ನು ಸೀಟಿನ ಮೇಲೆ ಕೂರಿಸಿದ. ಮೂಟೆ ಎಡಕ್ಕೆ ವಾಲಿತು, ನೆಟ್ಟಗೆ ಮಾಡಿದರೆ ಬಲಕ್ಕೆ ವಾಲಿತು. ಅವನು ಅದರ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಬೆರಳಿಟ್ಟು ನೋಡಿ, ತುಂಬ ಮರ್ಯಾದೆಯಿಂದ ಮೂಟೆಯನ್ನೇ ಕೇಳಿದ, “ನೋವಾಗುತ್ತಾ ಅಕ್ಕ?” ಆಮೇಲೆ ನನ್ನ ಕಡೆ ತಿರುಗಿದ. “ಹೇಳಲ್ಲ ನೋಡಿ ಇದು.”

ಹೇಳಿದವಳ ಮಾತನ್ನೂ ನಾನು ಕೇಳಿರಲಿಲ್ಲವಲ್ಲ.

ಅವತ್ತು ಸಂಜೆ ಅಂಗಡಿ ಬಿಡುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ನಿಂತೆ. ಅಕ್ಕ ಬಂದವಳು ಗಾಡಿ ಕಂಡು ಹಿಂದೆ ಸರಿದಳು.

“ಬಸ್ಸು ಬರುತ್ತೆ, ನೀನು ಹೋಗಪ್ಪ.”

“ಸ್ಪ್ರಿಂಗ್ ಬದಲಾಯಿಸ್ದೆ ಅಕ್ಕ. ನಿನ್ನ ಭಾರಕ್ಕೆ ಸರಿ ಮಾಡ್ಬೇಕು. ಗ್ಯಾರೇಜ್ ಇಲ್ಲೇ ಪಕ್ಕದಲ್ಲಿ, ಸುಮ್ನೆ ಒಂದು ಗಳಿಗೆ ಕೂತ್ಕೋ, ಸಾಕು.”

“ನಾನೇನು ರಾಗಿ ಮೂಟೆನಾ, ಕೂರಿಸಿ ನೋಡೋಕೆ?”

“ಮೂಟೆ ಬೆಳಿಗ್ಗೆ ತಂದಿದ್ದೆ. ಸರಿಹೋಗಲಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗು ತಡೆಯಲಾಗದೆ ಬಂದಳು. ಬಾಷಾ ಅವಳನ್ನು ಮೂರು ಸಲ ಹತ್ತಿಸಿ ಇಳಿಸಿದ, ಪ್ರತಿ ಸಲ ಬಳೆ ತಿರುಗಿಸಿದ. ಎರಡನೇ ಮೆಟ್ಟಿಲಿಗೆ ಬಂದಾಗ ಸರಿಯಾಗಿ ಎರಡು ಬೆರಳು ತಗ್ಗಿತು. “ಅಕ್ಕೋರಿಗೆ ಎರಡು, ಸೊಪ್ಪಿಗೆ ನಾಲ್ಕು. ತಿರುಗಿಸೋದು ನಿಮ್ಮ ಕೆಲಸ,” ಎಂದು ನನ್ನದೇ ಸ್ಪ್ಯಾನರನ್ನು ಚೀಲದಿಂದ ತೆಗೆದು, ಜಿಡ್ಡು ಒರೆಸಿ ನನ್ನ ಕೈಗಿಟ್ಟ.

“ಕೆರೆ ಕಟ್ಟೆವರೆಗೂ ಬರ್ತೀನಿ. ನೋವಾದ್ರೆ ಇಳಿದು ಬಸ್ಸಿಗೆ ಕಾಯ್ತೀನಿ,” ಎಂದು ಅಕ್ಕ ಕೂತಳು. ದುಪ್ಪಟಿ ಹಾಸಲು ಹೋದವಳು, ಯೋಚಿಸಿ ಮತ್ತೆ ಬ್ಯಾಗಿಗೆ ಹಾಕಿಕೊಂಡಳು. ನಾನು ಎತ್ತಿನ ಗಾಡಿಗಿಂತ ನಿಧಾನವಾಗಿ ಹೋದೆ. ಮೂರು ಹಂಪು ದಾಟಿದವು. ಕಟ್ಟೆಯ ಮೇಲೆ ಗಾಡಿ ನಿಲ್ಲಿಸಿದೆ.

“ಯಾಕೋ, ನೋವಿಲ್ಲ, ನಡಿ. ಪೆಟ್ರೋಲ್ ಮುಗೀತಾ?”

ತೋಟದಲ್ಲಿ ಎರಡು ದಿನ ಅಭ್ಯಾಸ ಮಾಡಿದ್ದ ಮಾತೆಲ್ಲ ಮರೆತುಹೋಗಿತ್ತು. ನೇರವಾಗಿ ಮುಖ ನೋಡದೆ ಹೇಳಿಬಿಡೋಣವೆಂದು ಸೈಡ್ ಕನ್ನಡಿಯಲ್ಲಿ ಅವಳನ್ನು ಹುಡುಕಿದೆ. ಕಂಡಿದ್ದು ನನ್ನ ಮುಖವೇ. ಹಿಂದಿನದು ಕಾಣಬೇಕಾದ ಕನ್ನಡಿಯನ್ನು ತಲೆ ಬಾಚಿಕೊಳ್ಳಲೆಂದು ನಾನೇ ಯಾವತ್ತೋ ತಿರುಗಿಸಿಟ್ಟಿದ್ದೆ. ಕೊನೆಗೆ ಕತ್ತು ಹೊರಳಿಸಿ ಹಿಂದೆ ನೋಡಿದೆ.

“ಹಿಂದೆ ಯಾರು ಕೂರ್ತಾರೆ ಅಂತ ಅವತ್ತು ಬಾಷಾ ಕೇಳಿದ್ದ ಅಕ್ಕ. ನಾನು ಸೊಪ್ಪು ಅಂದ್ಬಿಟ್ಟೆ. ನಮ್ಮಕ್ಕ ಅನ್ನಬೇಕಿತ್ತು. ತಪ್ಪಾಯ್ತು.”