ಅತ್ತೆಯವರ ಫೋಟೊ ತೆಗೆಯಲು ಸರ್ಕಾರಿ ಆದೇಶ ಕೋರಿ

ಇಂದ,
ವನಿತಾ ಕೋಂ ಸಿದ್ಧಾರ್ಥ,
ಕಾಯಕ ಬಂಧು (ಅಂದರೆ ಕೆರೆ ಕೆಲಸದಲ್ಲಿ ಹದಿನಾಲ್ಕು ಜನರ ಹಾಜರಿ ಹಿಡಿಯುವವಳು, ಸದ್ಯಕ್ಕೆ),
ಗೋಣಿಕಟ್ಟೆ ಗ್ರಾಮ, ಬಿಳಿಗೆರೆ ಹೋಬಳಿ, ನಂಜನಗೂಡು ತಾಲ್ಲೂಕು.

ಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗೋಣಿಕಟ್ಟೆ ಗ್ರಾಮ ಪಂಚಾಯಿತಿ.

ವಿಷಯ: 1) ನನ್ನನ್ನು ಕೆಲಸದಿಂದ ಬಿಡಿಸಬಾರದೆಂದು, 2) ನಮ್ಮ ಅತ್ತೆಯವರ ಫೋಟೊ ತೆಗೆಯುವಂತೆ ನನಗೆ ಖಡಕ್ಕಾಗಿ ಆದೇಶ ಮಾಡಬೇಕೆಂದು.

ಉಲ್ಲೇಖ: 1) ಕಳೆದ ಸೋಮವಾರದ ತಮ್ಮ ನೋಟಿಸು. 2) ಅದೇ ದಿನ ಸಾಯಂಕಾಲ ನಾಲ್ಕು ಗಂಟೆಗೆ ನಮ್ಮ ಮನೆ ಜಗುಲಿಯಲ್ಲಿ ನಡೆದ ಮಾತುಕತೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮೂರ ದೊಡ್ಡಕೆರೆಯ ಹೂಳು ತೆಗೆಯುವ ಉದ್ಯೋಗ ಖಾತರಿ ಕೆಲಸದಲ್ಲಿ ನಾನು ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು, ಹದಿನಾಲ್ಕು ಜನರ ಫೋಟೊವನ್ನು ಮೊಬೈಲಿನ ಹಾಜರಿ ಆ್ಯಪಿನಲ್ಲಿ ತೆಗೆದು ಕಳಿಸಬೇಕಾಗಿರುತ್ತದೆ. ಫೋಟೊ ಇದ್ದರೆ ಹಾಜರಿ, ಇಲ್ಲದಿದ್ದರೆ ಇಲ್ಲ. ಸದರಿ ಫೋಟೊಗಳಲ್ಲಿ ನಾನು “ಕಲೆ ಮಾಡಿರುವುದು ಕಂಡುಬಂದಿದ್ದು” ಏಳು ದಿನದೊಳಗೆ ಕಾರಣ ತಿಳಿಸತಕ್ಕದ್ದೆಂದು, ತಪ್ಪಿದಲ್ಲಿ ಕೆಲಸದಿಂದ ಬಿಡಿಸಲಾಗುವುದೆಂದು ತಾವು ಬರೆದಿರುತ್ತೀರಿ. ಹೌದು ಸ್ವಾಮಿ, ಕಲೆ ಮಾಡಿರುತ್ತೇನೆ. ಕಾರಣ ಹೇಳಲು ಏಳು ದಿನ ಬೇಡ, ಏಳು ಹಾಳೆ ಬೇಕು. ಎರಡರಲ್ಲಿ ಮುಗಿಸಲು ಪ್ರಯತ್ನಿಸುತ್ತೇನೆ.

ಮೊದಲ ಮೂರು ತಿಂಗಳು ನಾನು ನೆಟ್ಟಗೇ ಇದ್ದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಠಾಣೆಗೆ ಕರೆಸಿದವರ ಹಾಗೆ ಫೋಟೊ ಹಿಡಿದು ಕಳಿಸುತ್ತಿದ್ದೆ. ಆಮೇಲೆ ಜನವರಿಯ ಒಂದು ಬೆಳಿಗ್ಗೆ ಪಾಪಮ್ಮನವರು ಚಳಿ ತಡೆಯಲಾರದೆ ಖಾಲಿ ಮಂಕರಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಂದರು. ಬಿದಿರಿನ ಸಂದಿಯಿಂದ ಬಿಸಿಲು ಇಳಿದು ಅವರ ಮುಖದ ತುಂಬ ಚುಕ್ಕಿ ಚುಕ್ಕಿ ಬೆಳಕು. ಎಂಥ ಚಂದ ಅಂತೀರಿ! “ಅಲ್ಲೇ ನಿಂತ್ಕಳಕ್ಕಾ!” ಎಂದು ಕಿರುಚಿದೆ. ಅವರು ಹಾವೆಂದು ಹೆದರಿ ನಿಂತರು. ನಾನು ಹಿಡಿದೆ. ಅಂದಿನಿಂದ ನನಗೆ ಹುಚ್ಚು ಹಿಡಿದಿರುತ್ತದೆ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಈ ಹುಚ್ಚಿನ ಲಕ್ಷಣಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಬದನೆಕಾಯಿ ರಾಶಿಯ ಮುಂದೆ ಕಾಲು ಗಂಟೆ ನಿಂತು, ಅದರ ಹೊಳಪು ನೋಡಿ, ಫೋಟೊ ಹಿಡಿದು, ಬದನೆಕಾಯಿಯನ್ನೇ ಕೊಳ್ಳದೆ ಮನೆಗೆ ಬಂದಿರುತ್ತೇನೆ. ಟಿ. ನರಸೀಪುರದ ತವರಿಗೆ ಹೋದಾಗ ಸಂಗಮದಲ್ಲಿ ಎರಡು ನದಿಯ ನೀರಿಗೆ ಎರಡು ಬಣ್ಣ ಇರುವುದನ್ನು ಕಂಡು ಕುಣಿದಿರುತ್ತೇನೆ. ಮದುವೆಗೆ ಮುಂಚೆ ಹದಿನೈದು ವರ್ಷ ಅದೇ ನೀರಿನಲ್ಲಿ ಬಟ್ಟೆ ಒಗೆದವಳು ನಾನು. ಅಷ್ಟು ದಿನ ನನ್ನ ಕಣ್ಣು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಮುವ್ವತ್ತೈದನೆಯ ವಯಸ್ಸಿನಲ್ಲಿ ವಾಪಸ್ ಬಂದಿದೆ, ಆದ್ದರಿಂದ ಸಂತೋಷ ತಡೆಯಲು ಆಗುತ್ತಿಲ್ಲ.

ಈಗ ತಮ್ಮ ಆಪಾದನೆಗಳಿಗೆ ಬರುತ್ತೇನೆ.

1. “ಹದಿನಾರನೇ ತಾರೀಖಿನ ಫೋಟೊದಲ್ಲಿ ಕೂಲಿಕಾರರು ತಲೆಕೆಳಗಾಗಿ ಕಂಡುಬಂದಿರುತ್ತಾರೆ.” ಹಿಂದಿನ ದಿನ ಮಳೆ ಬಂದು ಗುಂಡಿಯಲ್ಲಿ ನೀರು ನಿಂತಿತ್ತು. ನೀರಿನಲ್ಲಿ ಹದಿನಾಲ್ಕು ಜನವೂ ಆಕಾಶದೊಳಗೆ ಗುದ್ದಲಿ ಹಿಡಿದು ನಿಂತಂತೆ ಕಾಣುತ್ತಿದ್ದರು. ನಾನು ನೀರನ್ನು ಹಿಡಿದೆ. ಫೋನನ್ನು ತಿರುಗಿಸಿ ನೋಡಿದಲ್ಲಿ ಎಲ್ಲರೂ ನೇರವಾಗುತ್ತಾರೆ. ಹುಚ್ಚಯ್ಯನವರು ಮಾತ್ರ ಆಗಲೂ ಕೊಂಚ ವಾಲುತ್ತಾರೆ. ಅದು ಅವರ ಸಹಜ ನಿಲುವು, ಇಲಾಖೆಗೆ ಸಂಬಂಧಿಸಿದ್ದಲ್ಲ.

2. “ಹದಿನಾಲ್ಕರ ಬದಲು ಹದಿನೈದು ತಲೆ ಕಂಡುಬಂದಿರುತ್ತದೆ.” ಹದಿನೈದನೆಯದು ಹುಚ್ಚಯ್ಯನವರ ಎಮ್ಮೆ. ಅದು ತಾನಾಗಿಯೇ ಸಾಲಿಗೆ ಬಂದು ನಿಂತು, ಕಿವಿ ನಿಮಿರಿಸಿ, ನೇರ ಕ್ಯಾಮೆರಾ ನೋಡಿತು. ನಿಂತ ಹದಿನೈದರಲ್ಲಿ ಕಣ್ಣು ಮುಚ್ಚದೆ ನಿಂತದ್ದು ಅದೊಂದೇ. ಸದರಿ ಎಮ್ಮೆಯ ಹೆಸರಿನಲ್ಲಿ ಹಾಜರಿ ಹಾಕಿರುವುದಿಲ್ಲ, ಅದಕ್ಕೆ ಜಾಬ್ ಕಾರ್ಡೂ ಇರುವುದಿಲ್ಲ.

3. “ಎಲ್ಲರೂ ಹಲ್ಲು ಕಿರಿದಿದ್ದು, ಕಾಮಗಾರಿಯ ಗಾಂಭೀರ್ಯಕ್ಕೆ ಧಕ್ಕೆಯಾಗಿರುತ್ತದೆ.” ಇದಕ್ಕೆ ನಾನೇ ಹೊಣೆ. ಎಲ್ಲರೂ ಒಟ್ಟಿಗೆ “ಹೂಳು” ಅನ್ನಿ ಎಂದೆ. ಪಾಪಮ್ಮನವರು, “ಊಳು ಅಂದ್ರೆ ಬಾಯಿ ಊದ್ಕತದೆ ಕಣಮ್ಮಿ, ಬ್ಯಾರೆ ಏನಾರ ಯೇಳು” ಎಂದು ತಕರಾರು ತೆಗೆದರು. ಹಾಗಾದರೆ “ಇಡ್ಲೀ” ಅನ್ನಿ ಎಂದೆ. ಎಲ್ಲರೂ “ಇಡ್ಲೀ” ಎಂದು ಬಾಯಿ ಅಗಲಿಸಿದ ಕ್ಷಣಕ್ಕೆ ಹಿಂದಿನಿಂದ ಹುಚ್ಚಯ್ಯನವರು, “ಬರೀ ಇಡ್ಲಿಯಾ? ವಡೆ ಇಲ್ವಾ?” ಎಂದರು. ಇದಾದ ಮೇಲೆ ಗಾಂಭೀರ್ಯ ಕಾಪಾಡುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಆದರೂ ಅವತ್ತು ಅಳತೆಗಿಂತ ಒಂದು ಗೇಣು ಹೆಚ್ಚೇ ತೋಡಿರುತ್ತಾರೆ.

4. “ಇಪ್ಪತ್ತೆರಡನೇ ತಾರೀಖಿನ ಫೋಟೊದಲ್ಲಿ ಎಲ್ಲರ ಮುಖ ಕಪ್ಪಾಗಿದ್ದು ಗುರುತು ಸಿಗುವುದಿಲ್ಲ.” ಇದೊಂದು ನನ್ನ ತಪ್ಪು. ಏರಿಯ ಮೇಲೆ ಎದುರು ಬಿಸಿಲಿಗೆ ಸಾಲಾಗಿ ಮಂಕರಿ ಹೊತ್ತು ಬರುತ್ತಿದ್ದರು, ಬರೀ ನೆರಳು ನಡೆದು ಬಂದ ಹಾಗಿತ್ತು, ನಾನು ಮೈಮರೆತು ಅದನ್ನೇ ಕಳಿಸಿಬಿಟ್ಟೆ. ಹದಿನಾಲ್ಕು ಜನರ ಒಂದು ದಿನದ ದುಡಿಮೆ ನನ್ನ ಒಂದು ಚಂದಕ್ಕೆ ಸಿಕ್ಕಿ ಹೋಗುವುದರಲ್ಲಿತ್ತು. ತಾವೇ ಖುದ್ದಾಗಿ ಕೆರೆಗೆ ಬಂದು ತಲೆ ಎಣಿಸಿ ಹಾಜರಿ ಉಳಿಸಿದಿರಿ. ಅವತ್ತು ನನಗೆ ಅನ್ನ ಸೇರಲಿಲ್ಲ. ಪಾಪಮ್ಮನವರ ಕೈ ಹಿಡಿದು ಕ್ಷಮೆ ಕೇಳಿದ್ದೇನೆ, ತಮ್ಮಲ್ಲಿಯೂ ಕೇಳುತ್ತೇನೆ. ಇನ್ನು ಮುಂದೆ ಮೊದಲ ಫೋಟೊ ಸರ್ಕಾರದ್ದು, ಎಲ್ಲರ ತಲೆ, ಎಲ್ಲರ ಮುಖ, ನೆಟ್ಟಗೆ. ಆಮೇಲಿನದು ನನ್ನದು, ನನ್ನ ಫೋನಿನಲ್ಲೇ ಇರುತ್ತದೆ.

ಪ್ರಾಸಂಗಿಕವಾಗಿ: ತಾವು ಅವತ್ತು ತಲೆ ಎಣಿಸಿ ಮುಗಿಸಿದ ಮೇಲೆ, ಕೆರೆಯ ನೀರಿನಲ್ಲಿ ಮುಖ ನೋಡಿ, ಬಾಚಣಿಗೆ ತೆಗೆದು, ಎಡಗಡೆಗೆ ಬೈತಲೆ ತೆಗೆದು, “ನಂದೂ ಒಂದು ತಗಿಯಮ್ಮ, ಏರಿ ಕಾಣ್ಲಿ” ಎಂದು ಆಜ್ಞೆ ಮಾಡಿರುತ್ತೀರಿ. ಹಾಗೆಯೇ ತಮ್ಮ ಕಚೇರಿಯಲ್ಲಿ ನನ್ನ ನೋಟಿಸನ್ನು ಟೈಪು ಮಾಡಿದ ಕಂಪ್ಯೂಟರ್ ಆಪರೇಟರ್ ಕೋಮಲ ಅವರ ಪರದೆಯ ಮೇಲೆ ಅದೇ ಕಪ್ಪು ನೆರಳಿನ ಫೋಟೊ ವಾಲ್‌ಪೇಪರ್ ಆಗಿ ಇರುವುದನ್ನು ನೋಟಿಸು ಪಡೆಯಲು ಬಂದಾಗ ಕಂಡಿರುತ್ತೇನೆ. ಅವರ ಮೇಲೆ ಕ್ರಮ ಬೇಡ. ಅವರು ಬಹಳ ಒಳ್ಳೆಯವರು.

5. “ಈವರೆಗಿನ ಯಾವ ಫೋಟೊದಲ್ಲೂ ಕಾಯಕ ಬಂಧು ಕಂಡುಬಂದಿರುವುದಿಲ್ಲ. ತಾವು ಸ್ಥಳದಲ್ಲಿ ಹಾಜರಿದ್ದಿರೆಂಬುದಕ್ಕೆ ಪುರಾವೆ ಏನು?”

ಈ ಐದನೆಯದನ್ನು ಓದಿ ನಗು ಬಂತು, ಆಮೇಲೆ ಬರಲಿಲ್ಲ. ಫೋಟೊ ತೆಗೆಯುವವಳು ಫೋಟೊದಲ್ಲಿ ಹೇಗೆ ಇರುತ್ತಾಳೆ ಸ್ವಾಮಿ? ಹುಡುಕಿ ನೋಡಿದೆ. ನನ್ನ ಫೋನಿನಲ್ಲಿ ಎರಡು ಸಾವಿರ ಚಿಲ್ಲರೆ ಫೋಟೊ ಇವೆ, ಎಮ್ಮೆಯದೇ ಹನ್ನೊಂದು, ನನ್ನದು ಒಂದೂ ಇಲ್ಲ. ಇದಕ್ಕೆ ಉತ್ತರವನ್ನು ಲಗತ್ತಿನಲ್ಲಿ ಕೊಟ್ಟಿದ್ದೇನೆ. ಅದಕ್ಕೂ ಮುಂಚೆ ಒಂದು ಗುಟ್ಟು ಹೇಳಲೇಬೇಕು. ಇದರಲ್ಲಿ ತಮ್ಮ ಕಚೇರಿಯ ಹೆಸರು ಬಹಳ ಸಲ ಬಳಕೆಯಾಗಿರುತ್ತದೆ.

ಈ ಫೋನು ನನ್ನದು. ನರಸೀಪುರದ ನಮ್ಮಣ್ಣ ಗೌರಿ ಹಬ್ಬಕ್ಕೆ ಸೀರೆಯ ಬದಲು ಕೊಡಿಸಿದ್ದು. ಆದರೆ ನಮ್ಮ ಅತ್ತೆ ಮರಿತಾಯಮ್ಮನವರು, “ಸೊಸೆ ಕೈಗೆ ಪೋನ್ ಬಂದ್ರೆ ಒಲೆ ಆರೋಯ್ತು ಅಂತ ಲೆಕ್ಕ” ಎನ್ನುವವರು. ಆದಕಾರಣ ಮನೆಯಲ್ಲಿ ನಾನು ಇದನ್ನು ಸರ್ಕಾರದ ಫೋನು, ಪಂಚಾಯಿತಿಯವರು ಕೊಟ್ಟದ್ದು ಎಂದು ಹೇಳಿರುತ್ತೇನೆ. ಕೆರೆಯ ಫೋಟೊಗೆ ಅಷ್ಟು ಸಾಕಿತ್ತು. ಆದರೆ ಒಂದು ದಿನ ಮುದ್ದೆಯ ಹಬೆಯ ಮೇಲೆ ಕಿಟಕಿಯ ಬೆಳಕು ಬಿತ್ತು. ಮುದ್ದೆ ಬಡಿಸುವುದು ಬಿಟ್ಟು ಫೋಟೊ ಹಿಡಿಯುತ್ತಿದ್ದಾಗ ಸಿಕ್ಕಿಬಿದ್ದೆ.

“ಏನಮ್ಮಿ ಅದು, ಇಟ್ಟಿನ್ ಪೋಟ?”

“ಮ್ಯಾಲಿಂದ ಆರ್ಡರ್ ಬಂದದೆ ಅತ್ತೆ. ಯಾರ್ ಮನೇಲಿ ಏನುಂಡ್ರು ಅಂತ ಸರ್ಕಾರಕ್ಕೆ ಬೇಕಂತೆ.”

ಒಂದು ಸುಳ್ಳಿಗೆ ಹತ್ತು ಸುಳ್ಳು ಜೊತೆ ಬೇಕು. ಬಟ್ಟೆ ಒಗೆಯುವ ನೊರೆ, ಒಣಗಿದ ಸೀಗೆಕಾಯಿ, ಗೋಡೆಯ ಮೇಲೆ ಬೆಕ್ಕಿನ ನೆರಳು, ಎಲ್ಲಕ್ಕೂ ತಮ್ಮಿಂದ ಆದೇಶ ತರಿಸಿದೆ. ಕಡೆಗೆ ಅತ್ತೆಯವರದೇ ಫೋಟೊಗೂ ಆದೇಶ ತರಿಸಿದೆ, ಎಲೆ ಅಡಿಕೆ ಹಾಕಿಕೊಳ್ಳುವಾಗ ಅವರ ಬೆರಳು ಅಷ್ಟು ಚಂದ ಓಡಾಡುತ್ತವೆ. “ಈ ಸರ್ಕಾರಕ್ಕೆ ಬ್ಯಾರೆ ಗೇಯ್ಮೆ ಇಲ್ವಾ?” ಎಂದು ಬೈಯುತ್ತಲೇ ಕೂತರು. ಮಾರನೆಯ ದಿನವೂ ಕೂತರು. ಒಂದು ವಾರಕ್ಕೆ ಅವರೇ ನಾಲ್ಕು ಗಂಟೆಗೆ ತಲೆ ಬಾಚಿ, ಜಗುಲಿಗೆ ಬಂದು, “ಇವತ್ತೇನ್ ಆರ್ಡರ್ ಬಂತಮ್ಮಿ?” ಎಂದು ಕೇಳತೊಡಗಿದರು. ಆಮೇಲಾಮೇಲೆ ನನಗೇ ಪಾಠ: “ತಡಿಯಮ್ಮಿ, ಬಿಸ್ಲು ಇನ್ನೊಸಿ ಇಳೀಲಿ. ಈಗ ತಗುದ್ರೆ ಮೊಕ ಬೆಳ್ಳುಗಾಯ್ತದೆ.” ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ, ಸಾಯಂಕಾಲ ನಾಲ್ಕರಿಂದ ನಾಲ್ಕೂವರೆ.

ಹೀಗಿರುವಾಗ ತಮ್ಮ ನೋಟಿಸು ಬಂದಿರುತ್ತದೆ. ಕೆಲಸ ಹೋದರೆ ಫೋನೂ ಹೋಗುತ್ತದೆ ಸ್ವಾಮಿ. ನನ್ನ ಯಜಮಾನರು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟಿಗೆ ಹೋಗುವವರು, ಬಹಳ ನಿಯತ್ತಿನ ಮನುಷ್ಯ. ನೋಟಿಸು ಕಂಡವರೇ, “ಕೆಲ್ಸ ಓದ್ರೆ ಸರ್ಕಾರದ್ ಪೋನ್ ಮನೇಲಿ ಇಟ್ಕಬಾರ್ದು. ಅವತ್ತೇ ಓಗಿ ವಾಪಸ್ ಕೊಟ್ಬುಡು” ಎಂದರು. ಅಂದರೆ, ತಾವು ಎಂದೂ ಕೊಡದ ಫೋನನ್ನು ನಾನು ತಮಗೆ ವಾಪಸ್ ಕೊಡಬೇಕು, ತಾವು ಕಕ್ಕಾಬಿಕ್ಕಿಯಾಗಿ ತೆಗೆದುಕೊಳ್ಳಬೇಕು. ಅಷ್ಟಕ್ಕೆ ಅತ್ತೆಯವರ ನಾಲ್ಕು ಗಂಟೆಯೂ ಮುಗಿಯಿತು, ನನ್ನ ಕಣ್ಣೂ ಮುಗಿಯಿತು.

ಅವತ್ತು ನಾಲ್ಕಕ್ಕೆ ಅತ್ತೆಯವರು ಎಂದಿನಂತೆ ಜಗುಲಿಯಲ್ಲಿದ್ದರು. ಹಸಿರು ಸೀರೆ, ಎಲೆ ಅಡಿಕೆ, ಸರಿಯಾದ ಬಿಸಿಲು. “ಯಾಕಮ್ಮಿ ಸಪ್ಪುಗಿದ್ದೀಯ? ಆರ್ಡರ್ ಬರ್ನಿಲ್ವಾ?” ಎಂದರು. ನನಗೆ ತಡೆಯಲಾಗಲಿಲ್ಲ. ಅಳುತ್ತ ಎಲ್ಲವನ್ನೂ ಒಪ್ಪಿಸಿಬಿಟ್ಟೆ. “ಪೋನು ನಂದೇ ಅತ್ತೆ. ಆರ್ಡರ್ ಗೀರ್ಡರ್ ಏನೂ ಬಂದಿರ್ನಿಲ್ಲ. ಸರ್ಕಾರ ನಿಮ್ ಪೋಟ ಕೇಳೇ ಇಲ್ಲ.”

ಅವರು ಎಲೆಗೆ ಸುಣ್ಣ ಸವರುತ್ತಲೇ ಇದ್ದರು.

“ನಂಗೊತ್ತಿಲ್ವೇನಮ್ಮಿ? ಎಪ್ಪತ್ತೊರ್ಸ ಆಯ್ತು ನಂಗೆ. ಮರಿತಾಯಮ್ಮ ಎಂಗವ್ಳೆ ಅಂತ ಒಂದಿನಾನಾರ ಯಾವ್ ಸರ್ಕಾರ ಕೇಳ್ತು? ಕೇಳ್ದೋಳು ನೀನು. ನೀ ಕೇಳೀಯ ಅಂತಾನೇ ತಲೆ ಬಾಚ್ಕಂಡ್ ಬಂದು ಕೂತ್ಕತಿದ್ದೆ.”

ಸ್ವಾಮಿ, ನಾನು ಹನ್ನೆರಡು ವರ್ಷ ಈ ಮನೆಯ ಸೊಸೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರುವುದಿಲ್ಲ. ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿರುತ್ತೇನೆ. ಆಗ ಅತ್ತೆಯವರು ಕೈ ಒರೆಸಿಕೊಂಡು, “ತಾ ಇಲ್ಲಿ ಅದ್ನ. ಎಲ್ಲಿ ಒತ್ತದು?” ಎಂದು ಫೋನು ಕಿತ್ತುಕೊಂಡರು. ಒತ್ತಿದರು. ಆಮೇಲೆ ಯೋಚನೆ ಮಾಡಿ, “ಆದ್ರೂ ಒಂದು ಆರ್ಡರ್ ಇರ್ಲಿ ಕಣಮ್ಮಿ, ಸೀಲ್ ಒತ್ತಿರೋದು. ನಿನ್ ಗಂಡ ಕೇಳ್ದಾಗ ಮೊಕಕ್ಕಿಡಿಯಕ್ಕೆ” ಎಂದರು. ಈ ಅರ್ಜಿ ಅವರ ಸಲಹೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

ಅ) ನನ್ನನ್ನು ಕಾಯಕ ಬಂಧುವಾಗಿಯೇ ಮುಂದುವರಿಸಬೇಕೆಂದು;

ಆ) “ಶ್ರೀಮತಿ ಮರಿತಾಯಮ್ಮನವರು ಪ್ರತಿದಿನ ಸಾಯಂಕಾಲ ನಾಲ್ಕು ಗಂಟೆಗೆ ತಮ್ಮ ಜಗುಲಿಯಲ್ಲಿ ಹಾಜರಿರತಕ್ಕದ್ದು, ಸೊಸೆ ವನಿತಾ ಫೋಟೊ ತೆಗೆಯತಕ್ಕದ್ದು, ಆ ಅರ್ಧ ಗಂಟೆ ಮನೆಯಲ್ಲಿ ಯಾರೂ ಕಾಫಿ ಕೇಳತಕ್ಕದ್ದಲ್ಲ” ಎಂದು ಗುಂಡು ಸೀಲಿನೊಂದಿಗೆ ಆದೇಶ ಹೊರಡಿಸಬೇಕೆಂದು;

ಇ) ಆದೇಶದ ಒಂದು ಪ್ರತಿಯನ್ನು ನನ್ನ ಯಜಮಾನರಿಗೆ ಮಾಹಿತಿಗಾಗಿ, ಇನ್ನೊಂದನ್ನು ಹುಚ್ಚಯ್ಯನವರಿಗೆ ಎಮ್ಮೆ ಕಟ್ಟಿಹಾಕುವ ಸಲುವಾಗಿ ಕಳಿಸಬೇಕೆಂದು ಕೋರುತ್ತೇನೆ. ಎಮ್ಮೆಯ ವಿಷಯದಲ್ಲಿ ತಡವಾದರೂ ಅಡ್ಡಿಯಿಲ್ಲ.

ತಮ್ಮ ವಿಶ್ವಾಸಿ, ತಮ್ಮ ಬೈತಲೆಯ ಫೋಟೊವನ್ನು ಈವರೆಗೆ ಯಾರಿಗೂ ತೋರಿಸದ,
ವನಿತಾ

ಸ್ಥಳ: ಗೋಣಿಕಟ್ಟೆ, ಜಗುಲಿ
ಸಮಯ: ನಾಲ್ಕಾಗಲು ಹತ್ತು ನಿಮಿಷ

ಲಗತ್ತುಗಳು:

1. ಪಾಪಮ್ಮನವರು, ಮಂಕರಿಯ ಕೆಳಗೆ, ಚುಕ್ಕಿ ಬೆಳಕಿನಲ್ಲಿ. ಒಂದು ಪ್ರತಿ.

2. ತಾವು, ಏರಿಯ ಮೇಲೆ, ಎಡಗಡೆ ಬೈತಲೆಯಲ್ಲಿ. ಒಂದು ಪ್ರತಿ. ಚೆನ್ನಾಗಿ ಬಂದಿದೆ, ಮನೆಯವರಿಗೂ ತೋರಿಸಿ.

3. ಅತ್ತೆಯವರ ಬೆರಳು, ಸುಣ್ಣ, ಎಲೆ. ಎರಡು ಪ್ರತಿ. ಒಂದು ಕೋಮಲ ಅವರಿಗೆ.

4. ಆಪಾದನೆ ಐದಕ್ಕೆ ಉತ್ತರವಾಗಿ: ಒಂದು ಫೋಟೊ. ತೆಗೆದವರು ಶ್ರೀಮತಿ ಮರಿತಾಯಮ್ಮನವರು, ಅವರ ಜೀವನದ ಮೊದಲನೆಯದು. ಅರ್ಧ ಫೋಟೊದಲ್ಲಿ ಅವರ ಹೆಬ್ಬೆರಳು ಇರುತ್ತದೆ. ಅದನ್ನು ದಯಮಾಡಿ ಹೆಬ್ಬೆಟ್ಟಿನ ಸಹಿ ಎಂದು ಪರಿಗಣಿಸುವುದು. ಉಳಿದ ಅರ್ಧದಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿರುವ ಹೆಂಗಸು ನಾನು. ಹಾಜರಿ ಹಾಕಿಕೊಳ್ಳಬೇಕಾಗಿ ವಿನಂತಿ.